ಬಲಕ್ಕೆಳೆಯುವ ಕಾರು

ಟೆಕ್ಸಸ್ಸಿನಲ್ಲಿ ಡ್ರೈವಿಂಗ್ ಟೆಸ್ಟಿಗೆ ಕಾರನ್ನು ನಾವೇ ತೆಗೆದುಕೊಂಡು ಹೋಗಬೇಕು. ಇದೆಂಥ ಅನ್ಯಾಯ ಅಂತ ನನಗೆ ಅನ್ನಿಸಿದ್ದು ಮೊದಲ ಸಲ ಫೇಲಾದ ದಿನ. ನಮ್ಮೂರಿನ ಪರೀಕ್ಷೆಯಲ್ಲಿ ಪೆನ್ನು ನಮ್ಮದಾದರೆ ಬೆಂಚಾದರೂ ಅವರದಿರುತ್ತಿತ್ತು. ಇಲ್ಲಿ ಬೆಂಚೂ ನಾವೇ ಹೊತ್ತುಕೊಂಡು ಹೋಗಬೇಕು, ಅದರ ಒಂದು ಕಾಲು ಗಿಡ್ಡವಿದ್ದರೆ ಅದು ನಮ್ಮ ಹಣೆಬರಹ.

ಆಗ ನಮ್ಮ ಮನೆ ಇದ್ದದ್ದು ಆಸ್ಟಿನ್ನಿನಿಂದ ಉತ್ತರಕ್ಕೆ, ಜಾರ್ಜ್‌ಟೌನಿನಲ್ಲಿ. ಹೊಸ ಮನೆಗಳು, ಹೊಸ ರಸ್ತೆಗಳು, ನೆರಳು ಕೊಡುವಷ್ಟು ಇನ್ನೂ ಬೆಳೆಯದ ಗಿಡಗಳು. ಬಸ್ಸಿಲ್ಲ, ಆಟೋ ಇಲ್ಲ, ಒಂದು ಕಟ್ಟು ಕೊತ್ತಂಬರಿಗೂ ಕಾರು ಹತ್ತಬೇಕು. ಇದ್ದದ್ದು ಒಂದೇ ಕಾರು. ಆಸ್ಟಿನ್ನಿನಲ್ಲಿ ಓದು ಮುಗಿಸಿ ಬೇರೆ ಊರಿಗೆ ಹೊರಟವನೊಬ್ಬನಿಂದ ಕೊಂಡದ್ದು, ಮರೂನ್ ಬಣ್ಣದ್ದು, ಬಿಸಿಲಿಗೆ ಛಾವಣಿಯ ಬಣ್ಣವೆಲ್ಲ ಸುಲಿದುಹೋಗಿತ್ತು. ನಮ್ಮವರು ಅದರಲ್ಲಿ ಆಫೀಸಿಗೆ ಹೋದರೆಂದರೆ ಸಂಜೆಯವರೆಗೆ ನಾನು ಮನೆಯಲ್ಲಿ. ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು, ಹುಬ್ಬಳ್ಳಿ ನೀರಿನ ಗುಣ ಅಂತಾರೆ. ಮನೆಯಲ್ಲಿ ಕೂತು ಕೂತು ಅದು ಇನ್ನಷ್ಟು ಹದಕ್ಕೆ ಬಂದಿತ್ತು. ನಮ್ಮವರು ಮೈಸೂರಿನವರು. ಮೈಸೂರಿನವರ ಜೊತೆ ಜಗಳ ಆಡುವುದು ಬಹಳ ಕಷ್ಟ. ಎಲ್ಲಾ ಕೇಳಿಸಿಕೊಂಡು ಕೊನೆಗೆ "ಹೌದಲ್ವಾ" ಅಂದುಬಿಡುತ್ತಾರೆ, ಜಗಳ ಅಲ್ಲೇ ಸತ್ತು ಬೀಳುತ್ತದೆ.

ಆದರೆ ನನಗೆ ಲೈಸೆನ್ಸ್ ಬೇಕಾಗಿದ್ದು ಕೊತ್ತಂಬರಿಗಲ್ಲ. ಹ್ಯೂಸ್ಟನ್ನಿನಲ್ಲಿದ್ದ ನನ್ನ ತಂಗಿಗೆ ಎಂಟು ತಿಂಗಳು ತುಂಬಿತ್ತು. ಬಾಣಂತನಕ್ಕೆ ಬರಬೇಕಿದ್ದ ಅವ್ವನಿಗೆ ವೀಸಾ ಸಿಗಲಿಲ್ಲ. ತಂಗಿಯ ಗಂಡನ ಪ್ರಾಜೆಕ್ಟ್ ಡ್ಯಾಲಸ್ ಕಡೆ, ಪ್ಲೇನೋದಲ್ಲಿ. ಸೋಮವಾರ ಹೋದರೆ ಶುಕ್ರವಾರವೇ ಮನೆ. ವಾರದ ನಡುವೆ ನೋವು ಬಂದರೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ಆಮೇಲೆ ಕೂಸನ್ನು ಡಾಕ್ಟರ ಹತ್ತಿರ ಒಯ್ಯುವವರು ಯಾರು? "ನೀ ಇದ್ದೀಯಲ್ಲ ಅಲ್ಲೆ, ನಂಗೇನ ಚಿಂತಿ" ಅಂದಳು ಅವ್ವ ಫೋನಿನಲ್ಲಿ. "ಇದ್ದೀನಲ್ಲವ್ವಾ, ಚಿಂತಿ ಬಿಡು" ಅಂದೆ. ಆಗ ನನ್ನ ಕೈಯಲ್ಲಿದ್ದದ್ದು ಬರೀ ಲರ್ನರ್ ಪರ್ಮಿಟ್ಟು.

ಮೊದಲ ಟೆಸ್ಟಿನಲ್ಲಿ ಪಕ್ಕ ಕೂತವಳು ಎತ್ತರದ ಹೆಂಗಸು, ಕಪ್ಪು ಕನ್ನಡಕ, ಮುಖದಲ್ಲಿ ನಗು ಅನ್ನುವುದೇ ಇಲ್ಲ. ರಿವರ್ಸ್ ಚೆನ್ನಾಗಿ ಮಾಡಿದೆ, ತಿರುವು ಚೆನ್ನಾಗಿ ತೆಗೆದುಕೊಂಡೆ. ಒಂದು ಕಡೆ "ಈಗ ಗಕ್ಕನೆ ನಿಲ್ಲಿಸು" ಅಂದಳು. ಬ್ರೇಕ್ ಒತ್ತಿದೆ. ಕಾರು ನಿಂತಿತು ನಿಜ, ಆದರೆ ನಿಲ್ಲುವ ಮುಂಚೆ ಮೂತಿಯನ್ನು ಬಲಕ್ಕೆ ತಿರುಗಿಸಿ, ಬಲಗಡೆಯ ಮುಂದಿನ ಚಕ್ರವನ್ನು ಫುಟ್‌ಪಾತಿನ ಅಂಚಿಗೆ ಧಡ್ಡನೆ ಹೊಡೆಸಿ ನಿಂತಿತು. ಕನ್ನಡಕದವಳು ಬರೆದುಕೊಂಡಳು. ಅಲ್ಲಿಗೆ ಮುಗಿಯಿತು.

"ಬ್ರೇಕ್ ಒತ್ತಿದರ ಗಾಡಿ ಬಲಕ್ಕ ಎಳೀತದರಿ" ಅಂದೆ ಮನೆಗೆ ಬಂದು.

ನಮ್ಮವರು ಕಾಫಿ ಆರಿಸಿಕೊಳ್ಳುತ್ತಾ, ಬಹಳ ಮೆತ್ತಗೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದರು.

ಪಕ್ಕದಲ್ಲಿ ಅತ್ತೆ ಕೂತಿದ್ದರು. ದಸರಾ ಹೊತ್ತಿಗೆ ಮೈಸೂರಿನಿಂದ ಬಂದವರು, ಬೇಸಿಗೆಗೆ ವಾಪಸ್ ಹೋಗುವವರು. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಒರೆಸಿಕೊಳ್ಳಲು ಬಾಯಲ್ಲಿ ಏನೂ ಇರಲಿಲ್ಲ, ನಗು ಮಾತ್ರ ಇತ್ತು. ನನಗೆ ಮೈಯೆಲ್ಲಾ ಉರಿದುಹೋಯಿತು. ಫೇಲಾಗಿದ್ದಕ್ಕಿಂತ ಆ ಗಾದೆಯೇ ಹೆಚ್ಚು ಚುಚ್ಚಿತು. ನೆಲ ಡೊಂಕೇ ಇದೆ ಅಂತ ತೋರಿಸದೆ ಬಿಟ್ಟರೆ ನಾನು ನನ್ನಪ್ಪನ ಮಗಳೇ ಅಲ್ಲ ಅಂದುಕೊಂಡೆ.

ನಮ್ಮವರಿಗೆ ಇದು ಯಾಕೆ ಗೊತ್ತಾಗಲಿಲ್ಲ ಅಂದರೆ, ಅವರ ಸ್ವಭಾವವೇ ಹಾಗೆ. ಏನಾದರೂ ಬಲಕ್ಕೆಳೆದರೆ ತಾವು ಸ್ವಲ್ಪ ಎಡಕ್ಕೆ ಹಿಡಿದುಕೊಂಡು, ಹೊಂದಿಕೊಂಡು ಹೋಗುತ್ತಾರೆ. ನನ್ನ ಜೊತೆ ಸಂಸಾರ ಮಾಡಿದ್ದೂ ಹಾಗೇ. ತಿಂಗಳುಗಟ್ಟಲೆ ಸ್ಟೀರಿಂಗನ್ನು ಓರೆಯಾಗಿ ಹಿಡಿದು ಆಫೀಸಿಗೆ ಹೋಗಿ ಬಂದಿದ್ದಾರೆ, ಮನುಷ್ಯನಿಗೆ ಅದರ ಅರಿವೂ ಇಲ್ಲ.

ಹುಬ್ಬಳ್ಳಿಯಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ಗಿರಣಿ ನಡೆಯುವಾಗ ಅಪ್ಪ ಆಗಾಗ ಎದ್ದು ಹೋಗಿ ಪ್ರತಿ ಬೇರಿಂಗಿನ ಹತ್ತಿರ ಅಂಗೈಯನ್ನಲ್ಲ, ಮುಂಗೈಯನ್ನು ಹಿಡಿಯುತ್ತಿದ್ದ. ಅಂಗೈ ದಪ್ಪ ಚರ್ಮ, ಸುಳ್ಳು ಹೇಳುತ್ತದೆ, ಮುಂಗೈ ನಿಜ ಹೇಳುತ್ತದೆ ಅನ್ನುತ್ತಿದ್ದ. ಎಲ್ಲಾ ಒಂದೇ ಹದದ ಬಿಸಿ ಇದ್ದರೆ ಸರಿ, ಒಂದು ಹೆಚ್ಚು ಬಿಸಿಯಾದರೆ ಗಿರಣಿ ನಿಲ್ಲಿಸು. ಹಿಟ್ಟಿನ ಡಬ್ಬಿ ಹಿಡಿದು ಎಷ್ಟು ಜನ ಸಾಲಿನಲ್ಲಿ ನಿಂತಿದ್ದರೂ ನಿಲ್ಲಿಸು.

ಮರುದಿನ ಮೂವರೂ ಪಕ್ಕದ ಊರು ರೌಂಡ್ ರಾಕಿನ ಅಂಗಡಿಗೆ ಹೋಗಿ ಬಂದು ಕಾರು ನಿಂತ ಕೂಡಲೇ ಇಳಿದೆ. ಸೊಪ್ಪಿನ ಚೀಲ ಅತ್ತೆಯ ಕೈಗೆ ಕೊಟ್ಟು, ಚಕ್ರದಿಂದ ಚಕ್ರಕ್ಕೆ ಕುಕ್ಕರುಗಾಲಲ್ಲಿ ಕೂತು ಮುಂಗೈ ಹಿಡಿದೆ. ಮೂರು ಚಕ್ರ ಬೆಚ್ಚಗಿದ್ದವು. ಬಲಗಡೆ ಮುಂದಿನದರ ಹತ್ತಿರ ಹೋದರೆ ಒಲೆಯ ಬಾಯಿಗೆ ಕೈ ಒಡ್ಡಿದ ಹಾಗೆ ಝಳ. ಸುಟ್ಟ ವಾಸನೆ ಬೇರೆ.

"ಬರ್ರಿ ಇಲ್ಲೆ, ಮುಟ್ಟಿ ನೋಡ್ರಿ" ಅಂದೆ.

ನಮ್ಮವರು ಬೆರಳು ತುದಿ ಇಟ್ಟು ಸರಕ್ಕನೆ ತೆಗೆದರು. ಆದರೂ ಸೋಲೊಪ್ಪುವುದಿಲ್ಲ. "ಬಿಸಿಲು ಈ ಕಡೆ ಬಿದ್ದಿರಬೇಕು."

"ಸೂರ್ಯ ಒಂದ ಗಾಲಿಗೆ ಹುಟ್ಯಾನೇನ್ರಿ?"

"ಹೌದಲ್ವಾ" ಅಂದರು.

ಗ್ಯಾರೇಜಿಗೆ ಫೋನ್ ಮಾಡಿದರೆ ಮುಂದಿನ ವಾರದ ಕೊನೆಗೆ ತನ್ನಿ ಅಂದರು. ನನ್ನ ಎರಡನೇ ಟೆಸ್ಟು ಅದಕ್ಕೂ ಮೊದಲು, ಗುರುವಾರ. ಅದನ್ನು ಬಿಟ್ಟರೆ ಮತ್ತೆ ಸಿಗುವುದು ತಂಗಿಯ ದಿನ ತುಂಬಿದ ಮೇಲೆ. ಯಾರಾದರೂ ಸ್ನೇಹಿತರ ಕಾರು ಕೇಳೋಣ ಅಂದರು ನಮ್ಮವರು. "ಟೆಸ್ಟು ಅವರ ಕಾರಿನಾಗ ಪಾಸಾಗ್ತೀನ್ರಿ, ಆದರ ನನ್ನ ತಂಗೀನ್ನ ಕೂಡಿಸಿಕೊಂಡು ಹೋಗೂದು ಇದರಾಗ" ಅಂದೆ. ಶನಿವಾರ ನಾವೇ ಬಿಚ್ಚೋಣ ಅಂತ ತೀರ್ಮಾನವಾಯಿತು.

ಶನಿವಾರ ಬೆಳಿಗ್ಗೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆವು. ಬ್ರೇಕ್ ಒತ್ತಿದಾಗ ಚಕ್ರದ ಹಿಂದಿರುವ ಕಬ್ಬಿಣದ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಒಂದು ಇಕ್ಕಳ ಇರುತ್ತದೆ, ಅದಕ್ಕೆ ಕ್ಯಾಲಿಪರ್ ಅಂತಾರೆ. ಆ ಇಕ್ಕಳ ಎರಡು ಪಿನ್ನುಗಳ ಮೇಲೆ ಹಿಂದೆ ಮುಂದೆ ಜಾರಬೇಕು. ಜಾರಿದರೆ ಕಾಲು ತೆಗೆದ ಕೂಡಲೇ ಬಿಡುತ್ತದೆ, ಜಾರದಿದ್ದರೆ ಹಿಡಿದದ್ದು ಹಿಡಿದೇ ಇರುತ್ತದೆ. ಕೌಂಟರಿನವನು ಪಿನ್ನಿಗೆ ಹಚ್ಚುವ ಬೇರೆಯೇ ಒಂದು ಸಿಲಿಕೋನ್ ಗ್ರೀಸ್ ಕೊಟ್ಟ, ಪಿನ್ನಿನ ಮೇಲೆ ತೊಡಿಸುವ ರಬ್ಬರ್ ಟೊಪ್ಪಿಗೆಗಳನ್ನೂ, ತಟ್ಟೆಯನ್ನು ಒತ್ತುವ ಹೊಸ ಪ್ಯಾಡುಗಳನ್ನೂ ಕೊಟ್ಟ. ನಮ್ಮವರು ಸುಮ್ಮನೆ ಬರಬಾರದಾ, "ಬೇರೆ ಯಾವುದಾದರೂ ಎಣ್ಣೆ ಹಾಕಿದ್ರೆ ಏನಾಗತ್ತೆ?" ಅಂತ ಕೇಳಿದರು. ಕೆಲವು ರಬ್ಬರ್ ಉಬ್ಬಿಸುತ್ತವೆ, ಕೆಲವು ಬಿಸಿಗೆ ಅಂಟಾಗುತ್ತವೆ ಅಂದ ಅವನು. ನಮ್ಮವರು ಗಂಭೀರವಾಗಿ ತಲೆಯಾಡಿಸಿದರು. ಇವರಿಗೆ ಇಷ್ಟು ಜ್ಞಾನದಾಹ ಯಾವಾಗಿನಿಂದ ಅಂತ ನಾನು ಅಂದುಕೊಂಡೆ.

ಮನೆ ಮುಂದೆ ಕಾರು ನಿಲ್ಲಿಸಿ, ಜಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿದೆವು. ಜನವರಿ ಮುಗಿದಿತ್ತು, ಬಿಸಿಲು ಹಿತವಾಗಿತ್ತು. ನಮ್ಮವರು ಸ್ಪ್ಯಾನರ್ ತೆಗೆದುಕೊಂಡು ನೇರವಾಗಿ ಕ್ಯಾಲಿಪರಿನ ಹಿಂದಿನ ಬೋಲ್ಟಿಗೆ ಕೈ ಹಾಕಿದರು. ಬಲ್ಬ್ ಬದಲಾಯಿಸಬೇಕಾದರೂ ಮೂರು ಜನರನ್ನು ಕೇಳುವ ಮನುಷ್ಯ, ಯಾವ ಬೋಲ್ಟು ಅಂತ ಹುಡುಕಲೂ ಇಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಬಿಚ್ಚಿದ ಕ್ಯಾಲಿಪರನ್ನು ಅದರ ರಬ್ಬರ್ ಪೈಪಿನಲ್ಲಿ ಜೋತುಬಿಡಬಾರದು, ಪೈಪ್ ಹಾಳಾಗುತ್ತದೆ. ಕಟ್ಟಲು ತಂತಿ ಇಲ್ಲ. ನಾನು ಒಳಗೆ ಹೋಗಿ ಹಳೆಯ ಲಂಗದ ಲಾಡಿ ಎಳೆದು ತಂದು ಚಕ್ರದ ಹಿಂದಿನ ಸ್ಪ್ರಿಂಗಿಗೆ ಬಿಗಿಯಾಗಿ ಕಟ್ಟಿದೆ. ಹಸಿರು ಲಾಡಿಯಲ್ಲಿ ಕ್ಯಾಲಿಪರ್ ಆರಾಮಾಗಿ ತೂಗಿಕೊಂಡಿತ್ತು.

ಕೆಳಗಿನ ಪಿನ್ನು ಒದ್ದಾಡಿಕೊಂಡು ಬಂತು. ಮೇಲಿನದು ಅಲ್ಲಾಡಲಿಲ್ಲ. ನಮ್ಮವರು ತಿರುಗಿಸಿದರು, ಉಸ್ಸಪ್ಪಾ ಅಂದರು, ಕೂತರು. ನಾನು ಸೆರಗು ಸಿಕ್ಕಿಸಿ ಸ್ಪ್ಯಾನರ್ ಹಿಡಿದೆ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ಎಳೆಯುವುದಿಲ್ಲ, ಬರೀ ತಿರುಗಿಸುವುದು. ಗಿರಣಿಯಲ್ಲಿ ಸಿಕ್ಕಿಕೊಂಡದ್ದನ್ನು ಬಿಡಿಸುವ ರೀತಿಯೇ ಅದು, ಬೈದುಕೊಂಡು ತಿರುಗಿಸಬೇಕು. ಬೈಗುಳ ನನ್ನ ಹತ್ತಿರ ಧಾರಾಳವಾಗಿತ್ತು. ಕೊನೆಗೆ ಪಚಕ್ಕನೆ ಬಂತು. ಪಿನ್ನಿನ ಮೈಗೆಲ್ಲ ಕಂದು ಬಣ್ಣದ, ಹಲಸಿನ ಮೇಣದಂಥ ಅಂಟು.

ಅಷ್ಟರಲ್ಲಿ ಅತ್ತೆ ಕಾಫಿ ತಂದರು. ಲೋಟ ಕೆಳಗಿಟ್ಟು, ಪಿನ್ನು ಕೈಗೆ ತೆಗೆದುಕೊಂಡು ಮೂಸಿದರು. ಮತ್ತೊಮ್ಮೆ ಮೂಸಿದರು.

"ಇದು ಹರಳೆಣ್ಣೆ ಅಲ್ವೇನೋ? ನಾನು ತಂದ ಗಾಣದ ಎಣ್ಣೆ ಇದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮವರು ಆ ಕ್ಷಣದಲ್ಲಿ ಪಕ್ಕದ ಮನೆಯ ಹುಲ್ಲನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಏನ್ರಿ ಇದು?" ಅಂದೆ.

ಕಥೆ ಆಗ ಹೊರಬಂತು. ಹಿಂದಿನ ಆಯುಧ ಪೂಜೆ. ಅತ್ತೆ ಬಂದು ವಾರವಾಗಿತ್ತು ಅಷ್ಟೆ. ನಾನು ಒಳಗೆ ಹೋಳಿಗೆ ತಟ್ಟುತ್ತಿದ್ದೆ. ಹೊರಗೆ ಇವರು ಕಾರು ತೊಳೆದು, ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದಾರೆ. ಅತ್ತೆ ಸುಮ್ಮನಿರದೆ, "ನಿಮ್ಮ ತಾತ ಎತ್ತಿನ ಗಾಡಿ ಅಚ್ಚಿಗೆ ಹರಳೆಣ್ಣೆ ಬಿಡದೆ ಆಯುಧ ಪೂಜೆ ಮಾಡ್ತಿರಲಿಲ್ಲಪ್ಪ" ಅಂದಿದ್ದಾರೆ. ಅಮ್ಮ ಅಷ್ಟು ದೂರದಿಂದ ಬಂದಿದ್ದಾಳೆ, ಮಗನಿಗೆ ಇಲ್ಲ ಅನ್ನಲಾಗಲಿಲ್ಲ. ಕಂಪ್ಯೂಟರಿನಲ್ಲಿ ಓದಿಕೊಂಡು, ಒಂದು ಚಕ್ರ ಬಿಚ್ಚಿ, ಜಾರುವ ಭಾಗ ಯಾವುದು ಅಂತ ಕಂಡುಹಿಡಿದು, ಎರಡೂ ಪಿನ್ನಿಗೆ ಭಕ್ತಿಯಿಂದ ಹರಳೆಣ್ಣೆ ಬಿಟ್ಟಿದ್ದಾರೆ. ರಬ್ಬರ್ ಟೊಪ್ಪಿಗೆಯನ್ನು ಸರಿಯಾಗಿ ಕೂರಿಸಲು ಬರಲಿಲ್ಲ, ಹಾಗೇ ಬಿಟ್ಟಿದ್ದಾರೆ. ಅಷ್ಟರಲ್ಲಿ ನಾನು ಒಳಗಿನಿಂದ ಹೋಳಿಗೆ ಆರುತ್ತದೆ ಅಂತ ಕೂಗಿದ್ದೇನೆ. ಇನ್ನೂ ಮೂರು ಚಕ್ರ ಇದೆಯಲ್ಲಮ್ಮಾ ಅಂದರೆ ಅತ್ತೆ, "ಒಂದಕ್ಕೆ ಮಾಡಿದ್ರೆ ನಾಲ್ಕಕ್ಕೂ ಮಾಡಿದ ಹಾಗೇ ಕಣೋ, ಉಳಿದದ್ದಕ್ಕೆ ಅಕ್ಷತೆ ಹಾಕು" ಅಂದಿದ್ದಾರೆ. ಪೂಜೆಯಲ್ಲಿ ವಸ್ತ್ರ ಇಲ್ಲದಿದ್ದರೆ ಅಕ್ಷತೆ, ಆಭರಣ ಇಲ್ಲದಿದ್ದರೆ ಅಕ್ಷತೆ, ಅದೇ ಲೆಕ್ಕ.

ಅಕ್ಷತೆ ಬಿದ್ದ ಮೂರು ಚಕ್ರ ಸುಖವಾಗಿ ತಿರುಗುತ್ತಿದ್ದವು. ಸೇವೆ ಮಾಡಿಸಿಕೊಂಡದ್ದು ಒಂದೇ ಕೆಟ್ಟಿತ್ತು. ಎಣ್ಣೆ ಬಿಸಿಗೆ ಕಾದು ಕಾದು ಅಂಟಾಗಿ, ಸಡಿಲ ಟೊಪ್ಪಿಗೆಯಿಂದ ನುಗ್ಗಿದ ಧೂಳೆಲ್ಲ ಅದಕ್ಕೆ ಮೆತ್ತಿಕೊಂಡು, ಪಿನ್ನನ್ನು ಗೋಡೆಗೆ ಹೊಡೆದ ಮೊಳೆಯ ಹಾಗೆ ಮಾಡಿತ್ತು.

ನಾನು ಸ್ಪ್ಯಾನರ್ ಹಿಡಿದೇ ಎದ್ದು ನಿಂತೆ. "ಕುಣಿಯೋಳು ಸರಿ ಇದ್ದಳರಿ. ನೆಲ ಡೊಂಕು ಮಾಡಿದವರು ಯಾರು?"

"ಹೌದಲ್ವಾ" ಅಂದರು ನಮ್ಮವರು.

ಮೊದಲು ನಕ್ಕವರು ಅತ್ತೆ. ಡ್ರೈವ್‌ವೇಯ ಮೇಲೇ ಕೂತುಬಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅದು ಮರದ ಅಚ್ಚಿಗೆ ಕಣೋ. ನಾನೇನೋ ಹಳೇಕಾಲದವಳು ಹೇಳಿದೆ, ಇಂಜಿನಿಯರು ನೀನು, ನಿನಗೆ ಬುದ್ಧಿ ಬೇಡವಾ" ಅಂತ ಮಗನ ಬೆನ್ನಿಗೆ ಒಂದು ಕೊಟ್ಟರು. ನಾನು ಸಿಟ್ಟು ಹಿಡಿದುಕೊಳ್ಳಲು ನೋಡಿದೆ, ಆಗಲಿಲ್ಲ. ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಾಯಿ ಹಿಡಿದು ವಾಕಿಂಗ್ ಹೊರಟಿದ್ದ ಎದುರು ಮನೆಯವರು, ಇವರಿಗೇನಾಯಿತು ಅಂತ ನಿಂತು ನೋಡಿ ಕೈಬೀಸಿ ಹೋದರು.

ಆಮೇಲೆ ಕೆಲಸ. ಅಂಟನ್ನು ಸ್ಪ್ರೇ ಹೊಡೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನಮ್ಮವರ ಹರಿದ ಪಂಚೆಯಲ್ಲಿ ಒರೆಸಿದೆವು. ಪಿನ್ನು ಕೂರುವ ತೂತಿನೊಳಗೂ ಬಟ್ಟೆ ಸುತ್ತಿದ ಕಡ್ಡಿ ಹಾಕಿ ತಿರುವಿದೆವು. ಗ್ರೀಸ್ ಹಚ್ಚುವಾಗ ನಾನು ಧಾರಾಳವಾಗಿ ಮೆತ್ತಲು ಹೋದರೆ ಅತ್ತೆ ತಡೆದರು. "ದೋಸೆ ಕಾವಲಿಗೆ ಸವರೋ ಅಷ್ಟು ಸಾಕು ಕಣೆ, ಇವನು ಮಾಡಿದ ಹಾಗೆ ಅಭಿಷೇಕ ಮಾಡಬೇಡ." ಹೊಸ ಟೊಪ್ಪಿಗೆ ತೊಡಿಸಿ ಪಿನ್ನು ಒಳಗೆ ತಳ್ಳಿದೆ. ಸರ್ರನೆ ಹೋಯಿತು. ಎಳೆದರೆ ಸರ್ರನೆ ಬಂತು. ಮತ್ತೆ ತಳ್ಳಿದೆ, ಮತ್ತೆ ಎಳೆದೆ. ನನಗೆ ಎಷ್ಟು ಖುಷಿಯಾಯಿತು ಅಂದರೆ, "ಸಾಕು ಬಿಡೇ, ಸವೆದುಹೋಗತ್ತೆ" ಅಂತ ನಮ್ಮವರೇ ಹೇಳಬೇಕಾಯಿತು.

ಎಡಗಡೆಯ ಮುಂದಿನದನ್ನೂ ಬಿಚ್ಚಿಸಿದೆ. ಈ ಸಲ ಅಕ್ಷತೆ ನಡೆಯುವುದಿಲ್ಲ ಅಂದೆ. ಹಿಂದಿನ ಎರಡಕ್ಕೆ ಬೇರೆ ಥರದ ಬ್ರೇಕು, ಅದಕ್ಕೆ ಈ ಪಿನ್ನುಗಳೇ ಇಲ್ಲ ಅಂತ ಗೊತ್ತಾದಾಗ ಅತ್ತೆ ಒಳಗೆ ಹೋಗಿ ನಾಲ್ಕು ಕಾಳು ಅಕ್ಷತೆ ತಂದು ಅವುಗಳ ಮೇಲೆ ಹಾಕಿಯೇ ಬಿಟ್ಟರು. ಹೊಸ ಪ್ಯಾಡುಗಳನ್ನು ಹಾಕಿ, ಚಕ್ರ ಕೂರಿಸಿ, ಗಟ್ಟಿಯಾಗುವ ತನಕ ಬ್ರೇಕ್ ಪೆಡಲ್ ತುಳಿದು, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಸ್ಟೀರಿಂಗ್ ಸಡಿಲ ಬಿಟ್ಟು ಬ್ರೇಕ್ ಒತ್ತಿದೆ. ಕಾರು ನೆಟ್ಟಗೆ ನಿಂತಿತು. ನಮ್ಮವರು ಓಡಿಸಿದಾಗ ಮಾತ್ರ ಎಡಕ್ಕೆ ಹೋಯಿತು. ಓರೆ ಹಿಡಿದು ರೂಢಿಯಾದ ಕೈ, ಅದು ನೆಟ್ಟಗಾಗಲು ಒಂದು ವಾರ ಬೇಕಾಯಿತು.

ಗುರುವಾರ ಅದೇ ಕಪ್ಪು ಕನ್ನಡಕದ ಹೆಂಗಸು. ನನ್ನ ಗುರುತು ಹತ್ತಿತೋ ಇಲ್ಲವೋ, ಕಾರಿನ ಗುರುತು ಹತ್ತಿತು ಅನ್ನಿಸುತ್ತದೆ, ಗಕ್ಕನೆ ನಿಲ್ಲಿಸು ಅನ್ನುವ ಮೊದಲು ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡಳು. ನಿಲ್ಲಿಸಿದೆ. ಅವಳು ಹಿಡಿ ಬಿಟ್ಟಳು. ಮುಗಿದ ಮೇಲೆ, "ಕಾರಿಗೆ ಏನು ಮಾಡಿದಿರಿ?" ಅಂತ ಕೇಳಿದಳು. ಹರಳೆಣ್ಣೆ, ಅತ್ತೆ, ಹೋಳಿಗೆ ಎಲ್ಲಾ ಇಂಗ್ಲಿಷಿನಲ್ಲಿ ಹೇಳುವಷ್ಟು ಧೈರ್ಯ ನನಗಿರಲಿಲ್ಲ. "ಎಣ್ಣೆ ಬದಲಾಯಿಸಿದೆವು" ಅಂದೆ. ಪಾಸು.

ತಂಗಿಗೆ ಒಂಬತ್ತು ತುಂಬಿದ ಮೇಲೆ ನಾನೇ ಕಾರು ಓಡಿಸಿಕೊಂಡು ಹ್ಯೂಸ್ಟನ್ನಿಗೆ ಹೋದೆ. ನಮ್ಮವರು ಜೊತೆಯ ಕೆಲಸದವರ ಕಾರಿನಲ್ಲಿ ಆಫೀಸಿಗೆ ಹೋಗುವುದು ಅಂತಾಯಿತು. ಅತ್ತೆ ಪಕ್ಕದಲ್ಲಿ ಅಂಟಿನುಂಡೆ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತರು. ಅವ್ವ ಬರಲಿಲ್ಲ ಅಂತ ತಂಗಿಗೆ ಅನ್ನಿಸಬಾರದು, ಬಾಣಂತನ ನಾನು ಮಾಡ್ತೀನಿ ಅಂತ ಹೊರಟವರು ಅವರೇ. ದಾರಿಯುದ್ದಕ್ಕೂ ರಸ್ತೆ ಬದಿ ನೀಲಿ ಹೂವು. ನಡುವೆ ಪೆಟ್ರೋಲಿಗೆ ನಿಂತಾಗ ನಾನು ಇಳಿದು ನಾಲ್ಕೂ ಚಕ್ರಕ್ಕೆ ಮುಂಗೈ ಹಿಡಿದೆ. "ಹೇಗಿದೆ?" ಅಂದರು ಅತ್ತೆ ಒಳಗಿನಿಂದಲೇ. "ಎಲ್ಲಾ ಒಂದೇ ಥರ ಇವೆ ಅತ್ತೆ" ಅಂದೆ. ಆ ಪ್ರಯಾಣದಲ್ಲಿ ನಾನು ಎಷ್ಟು ಸುಖವಾಗಿದ್ದೆ ಅಂದರೆ, ಹ್ಯೂಸ್ಟನ್ ಸ್ವಲ್ಪ ತಡವಾಗಿ ಬರಲಿ ಅನ್ನಿಸುತ್ತಿತ್ತು.

ನೋವು ಬಂದದ್ದು ಮಂಗಳವಾರ ಬೆಳಿಗ್ಗೆಯೇ, ಎಲ್ಲರೂ ಆಫೀಸಿಗೆ ಹೊರಡುವ ಹೊತ್ತಿಗೆ. ತಂಗಿಯ ಗಂಡ ಪ್ಲೇನೋದಿಂದ ಹೊರಟೆ ಅಂತ ಫೋನ್ ಮಾಡಿದ. ಹಿಂದಿನ ಸೀಟಿನಲ್ಲಿ ತಂಗಿ, ಅವಳ ಕೈ ಅತ್ತೆಯ ಕೈಯಲ್ಲಿ. ಫ್ರೀವೇ ತುಂಬಾ ಕಾರು. ಸ್ವಲ್ಪ ಬಿಡುವು ಸಿಕ್ಕಿ ವೇಗ ತೆಗೆದುಕೊಂಡೆ, ಅಷ್ಟರಲ್ಲಿ ಮುಂದಿನ ಟ್ರಕ್ಕಿನ ಕೆಂಪು ದೀಪ ಒಮ್ಮೆಲೇ ಹತ್ತಿಕೊಂಡಿತು. ಬಲಗಡೆ ಇನ್ನೊಂದು ದೊಡ್ಡ ಟ್ರಕ್ಕು, ಕಿಟಕಿಗೆ ತಾಗುವಷ್ಟು ಹತ್ತಿರ. ಬ್ರೇಕನ್ನು ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿದೆ. ಕಾರು ಒಂದಿಷ್ಟೂ ಬಲಕ್ಕೆ ಸರಿಯದೆ, ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತು. ಹಿಂದಿನಿಂದ ತಂಗಿ, "ಅಕ್ಕಾ, ಯಾಕ ನಿಂತಿ, ನಡಿ ಲಗೂನ" ಅಂದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಕನ್ನಡಿಯಲ್ಲಿ ಅತ್ತೆಯ ಮುಖ ಕಂಡಿತು, ಅವರಿಗೆ ಗೊತ್ತಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು. ಅವ್ವನಿಗೆ ಫೋನ್ ಮಾಡಿ, "ನಾನ ಕರಕೊಂಡು ಬಂದೆನವ್ವಾ" ಅಂದೆ, ಅಷ್ಟಕ್ಕೇ ಇಬ್ಬರೂ ಅತ್ತುಬಿಟ್ಟೆವು. ತಂಗಿಯ ಗಂಡ ಸಂಜೆಯ ಮುಂಚೆ ಬಂದು ಮುಟ್ಟಿದ, ಎರಡು ದಿನ ಆಸ್ಪತ್ರೆಯಲ್ಲೇ ಇದ್ದ. ಮನೆಗೆ ಕರೆದುಕೊಂಡು ಹೋಗುವ ದಿನ ಅವನೇ ಕೀಲಿಗೆ ಕೈ ಚಾಚಿದರೆ ತಂಗಿ, "ಅಕ್ಕ ಓಡಸ್ತಾಳ" ಅಂದಳು.

ಆಸ್ಪತ್ರೆಯ ಬಾಗಿಲಿಗೆ ಕಾರು ತಂದು ನಿಲ್ಲಿಸಿದೆ. ನರ್ಸ್ ಕೂಸಿನ ಸೀಟು ಅಲ್ಲಾಡಿಸಿ ಪರೀಕ್ಷೆ ಮಾಡುತ್ತಿದ್ದಾಗ ನಾನು ಅಭ್ಯಾಸಬಲದಿಂದ ಚಕ್ರದಿಂದ ಚಕ್ರಕ್ಕೆ ಹೋಗಿ ಮುಂಗೈ ಹಿಡಿದೆ. ಆಕೆ ಏನು ಮಾಡುತ್ತಿದ್ದಾಳೆ ಅಂತ ನರ್ಸ್ ಕೇಳಿದಳು. ತಂಗಿ ವೀಲ್‌ಚೇರಿನಲ್ಲೇ ಕೂತು, ಬಹಳ ಗಂಭೀರವಾಗಿ, ಇದು ನಮ್ಮ ಕಡೆಯ ಸಂಪ್ರದಾಯ ಅಂದಳು. ನಾನು ಬಂದು ಅದೇ ಮುಂಗೈಯನ್ನು ಕೂಸಿನ ಕೆನ್ನೆಗೆ ಹಿಡಿದೆ. ಬಿಸಿ ಹದವಾಗಿತ್ತು.

"ಚಕ್ರ ಮುಟ್ಟಿದ ಕೈಯೇ ಅದು, ತೊಳ್ಕೊಂಡು ಬಾ ಹೋಗು" ಅಂತ ಅತ್ತೆ ಬೈದರು.

ಕೈ ತೊಳೆದು ಬಂದು ಸ್ಟೀರಿಂಗ್ ಹಿಡಿದೆ. ದಾರಿಯಲ್ಲಿ ಎಷ್ಟೋ ಕೆಂಪು ದೀಪಗಳು ಬಂದವು, ಒಂದೊಂದರಲ್ಲೂ ನಿಲ್ಲಿಸಿದೆ. ಮನೆ ಮುಟ್ಟುವ ತನಕ ಕೂಸು ಏಳಲಿಲ್ಲ.